ಸಮುದ್ರದ ನೀರಿನಿಂದ ಡೀಸೆಲ್ ಅಂತೆ: ನಿಜವಾ? ಲೀಟರಿಗೆ ಕರೆಂಟ್ ಎಷ್ಟು?

ಚಿತ್ತಾಪುರ ತೊಗರಿ:
ಎಲ್ಲರಿಗೂ ಶರಣು. ಒಂದು ವಿಷಯಕ್ಕೆ ಮನೆಯಲ್ಲಿ ಮೂರು ದಿನದಿಂದ ಜಗಳ ನಡೆದಿದೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನ ಭಾವಮೈದುನನಿಗೆ ವಾಟ್ಸಾಪ್‌ನಲ್ಲಿ ಒಂದು ವಿಡಿಯೊ ಬಂದಿದೆ. ಅಮೆರಿಕದ ನೌಕಾಪಡೆಯವರು ಸಮುದ್ರದ ನೀರಿನಿಂದ ಇಂಧನ ಮಾಡಿ ವಿಮಾನ ಹಾರಿಸಿದ್ದಾರೆ ಅಂತ. ಅದರ ಹಿಂದೆಯೇ ಒಬ್ಬ ಮನುಷ್ಯ ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜ್‌ನಲ್ಲಿ ಸಭೆ ಮಾಡಿ, ಅದೇ ತಂತ್ರಜ್ಞಾನ ನಮ್ಮ ಜಿಲ್ಲೆಗೆ ಬರುತ್ತಿದೆ, ಡೀಲರ್‌ಶಿಪ್‌ಗೆ 50 ಸಾವಿರ ಅಡ್ವಾನ್ಸ್ ಕಟ್ಟಿ, ಲೀಟರ್ 30 ರೂಪಾಯಿಗೆ ಸಿಗುತ್ತದೆ ಅಂದನಂತೆ. ಮೊದಲು ಉಪ್ಪು ನೀರಿನ ಟ್ಯಾಂಕರ್ ಬರುತ್ತದಂತೆ, ಆಮೇಲೆ ಬೋರ್ ನೀರಲ್ಲೂ ಆಗುತ್ತದಂತೆ.

ನನ್ನದು 45 ಎಚ್‌ಪಿ ಟ್ರ್ಯಾಕ್ಟರ್. ರಂಟೆ ಹೊಡೆಯುವ ದಿನ 20-25 ಲೀಟರ್ ಡೀಸೆಲ್ ಕುಡಿಯುತ್ತದೆ. 30 ರೂಪಾಯಿ ಅಂದರೆ ಯಾರಿಗೆ ಬೇಡ? ಆದರೆ ನನ್ನ ತಲೆಗೆ ಹೋಗುತ್ತಿಲ್ಲ. ನೀರು ಉರಿಯುತ್ತದಾ? ಅಮೆರಿಕದ ಮಾತು ಸುಳ್ಳಾ, ನಿಜವಾ? ಅದೊಂದು ಗೊತ್ತಾದರೆ ಸಾಕು.

ಗ್ಯಾರೇಜ್ ರಿಂಗ್ ರೋಡ್:
ಸುಳ್ಳು ಅಣ್ಣಾ. ದುಡ್ಡು ಕೊಡಬೇಡಿ. 1996ರಲ್ಲಿ ತಮಿಳುನಾಡಿನವನೊಬ್ಬ ಗಿಡಮೂಲಿಕೆ ಹಾಕಿ ನೀರನ್ನು ಪೆಟ್ರೋಲ್ ಮಾಡುತ್ತೇನೆ ಅಂದಿದ್ದ. ದೇಶಕ್ಕೆ ದೇಶವೇ ನಂಬಿತ್ತು. 2016ರಲ್ಲಿ ಕೋರ್ಟ್ ಜೈಲು ಶಿಕ್ಷೆ ಕೊಟ್ಟಿತು. ಇದೂ ಅದೇ ಜಾತಿ.

ರಸಾಯನ ಮಾಸ್ತರ, ಕಲಬುರಗಿ:
ಗ್ಯಾರೇಜ್‌ನವರು ದುಡ್ಡು ಕೊಡಬೇಡಿ ಅಂದದ್ದು ಸರಿ. ಆದರೆ ಅಮೆರಿಕದ ಸುದ್ದಿ ಸುಳ್ಳಲ್ಲ. ತೊಡಕು ಇರುವುದೇ ಅಲ್ಲಿ. ಪೂರ್ತಿ ಸುಳ್ಳಾಗಿದ್ದರೆ ಇಷ್ಟು ಜನ ಬೀಳುತ್ತಿರಲಿಲ್ಲ.

ಅಮೆರಿಕದ ನೌಕಾಪಡೆಯ ಸಂಶೋಧನಾಲಯ ಇದನ್ನು ಮಾಡಿದ್ದು ನಿಜ. 2014ರ ಏಪ್ರಿಲ್‌ನಲ್ಲಿ ಅವರೇ ತಿಳಿಸಿದರು. ಹಾರಿದ್ದು ದೊಡ್ಡ ವಿಮಾನವಲ್ಲ. ಎರಡನೇ ಮಹಾಯುದ್ಧದ ಪಿ-51 ಮಸ್ಟಾಂಗ್ ವಿಮಾನದ ಪುಟ್ಟ ಮಾದರಿ, ರಿಮೋಟ್‌ನಿಂದ ಓಡಿಸುವಂಥದ್ದು. ಅದರೊಳಗೆ ಮಾಮೂಲಿ ಟೂ ಸ್ಟ್ರೋಕ್ ಎಂಜಿನ್. ಎಂಜಿನ್‌ಗೆ ಏನೂ ಬದಲಾವಣೆ ಮಾಡಿರಲಿಲ್ಲ. ಹೀಥರ್ ವಿಲೌರ್ ಎಂಬ ರಸಾಯನ ವಿಜ್ಞಾನಿ ಆ ಕೆಲಸದ ಮುಂದಾಳು.

ಇನ್ನು ನೀರು ಉರಿಯುತ್ತದಾ ಅನ್ನುವ ಪ್ರಶ್ನೆ. ಉರಿಯುವುದಿಲ್ಲ ತಮ್ಮಾ. ನೀರು ಅಂದರೆ ಈಗಾಗಲೇ ಉರಿದು ಮುಗಿದ ಹೈಡ್ರೋಜನ್. ಇಂಗಾಲದ ಡೈಆಕ್ಸೈಡ್ ಅಂದರೆ ಉರಿದು ಮುಗಿದ ಇಂಗಾಲ. ಎರಡೂ ಬೂದಿಯೇ. ಡೀಸೆಲ್ ಸುಟ್ಟರೆ ಸೈಲೆನ್ಸರ್‌ನಿಂದ ಹೊರಬರುವುದು ಈ ಎರಡೇ ಬೂದಿ. ಅವರು ಮಾಡಿದ್ದು ಬೂದಿಯನ್ನು ಮತ್ತೆ ಕಟ್ಟಿಗೆ ಮಾಡುವ ಕೆಲಸ. ಕಟ್ಟಿಗೆ ಸುಟ್ಟಾಗ ಎಷ್ಟು ಶಾಖ ಬಂದಿತ್ತೋ ಅಷ್ಟನ್ನೂ ವಾಪಸ್ ತುಂಬಬೇಕು. ಅದರ ಮೇಲೆ ದಾರಿಯಲ್ಲಿ ಸೋರುವುದು ಬೇರೆ. ನಿಮ್ಮ ಹೊಲದ ತೊಗರಿ ಗಿಡ ದಿನಾ ಮಾಡುವುದು ಇದನ್ನೇ. ಬಿಸಿಲಿನ ಶಕ್ತಿ ಹಾಕಿ ನೀರು, ಗಾಳಿಯಿಂದ ತೊಗರಿ ಕಟ್ಟಿಗೆ ಮಾಡುತ್ತದೆ. ನೌಕಾಪಡೆಯವರು ಬಿಸಿಲಿನ ಜಾಗದಲ್ಲಿ ಕರೆಂಟ್ ಇಟ್ಟರು.

ಚಿತ್ತಾಪುರ ತೊಗರಿ:
ಮಾಸ್ತರೇ, ಇದು ತಿಳಿಯಿತು. ಹಾಗಾದರೆ ಕರೆಂಟ್ ಎಷ್ಟು ಬೇಕು? ಆ ಮನುಷ್ಯ ಕರೆಂಟಿನ ಮಾತೇ ಎತ್ತಿಲ್ಲ. ಮತ್ತೆ ಸಮುದ್ರದ ನೀರೇ ಯಾಕೆ?

ರಸಾಯನ ಮಾಸ್ತರ, ಕಲಬುರಗಿ:
ಸಮುದ್ರದ ನೀರು ಬೇಕಾಗಿದ್ದು ನೀರಿಗಾಗಿ ಅಲ್ಲ, ಅದರಲ್ಲಿ ಕರಗಿರುವ ಇಂಗಾಲಕ್ಕಾಗಿ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 100 ಮಿಲಿಗ್ರಾಂ ಇಂಗಾಲದ ಡೈಆಕ್ಸೈಡ್ ಸಿಗುತ್ತದೆ. ಅಷ್ಟೇ ಗಾತ್ರದ ಗಾಳಿಗೆ ಹೋಲಿಸಿದರೆ ಸುಮಾರು 140 ಪಟ್ಟು. ಆದರೆ ಸೋಡಾದಲ್ಲಿ ಇದ್ದಂತೆ ಗುಳ್ಳೆಯಾಗಿ ಇರುವುದಿಲ್ಲ. ಹೆಚ್ಚು ಪಾಲು ಬೈಕಾರ್ಬೊನೇಟ್ ರೂಪದಲ್ಲಿ ಕರಗಿ ಕೂತಿರುತ್ತದೆ. ನೀರನ್ನು ಹುಳಿ ಮಾಡಿದರೆ ಮಾತ್ರ ಅನಿಲವಾಗಿ ಬಿಡುತ್ತದೆ. ಅಡಿಗೆ ಸೋಡಾಕ್ಕೆ ನಿಂಬೆಹಣ್ಣು ಹಿಂಡಿದಾಗ ಬುಸ್ ಅನ್ನುತ್ತದಲ್ಲ, ಅದೇ.

ಅವರು ನಿಂಬೆಹಣ್ಣಿನ ಬದಲು ವಿದ್ಯುತ್ ಬಳಸಿದರು. ಮೂರು ಕೋಣೆಗಳ ಒಂದು ಸಾಧನ. ನಡುವಿನ ಕೋಣೆಯಲ್ಲಿ ಸಮುದ್ರದ ನೀರು ಹರಿಯುತ್ತದೆ. ಎರಡು ಬದಿಗೆ ಶುದ್ಧ ಮಾಡಿದ ನೀರು, ಅದರಲ್ಲಿ ವಿದ್ಯುತ್ ಕಡ್ಡಿಗಳು. ನಡುವೆ ಪೊರೆ. ಒಂದು ಬದಿಯಿಂದ ಹುಳಿ ಅಂಶ ನಡುವಿನ ಕೋಣೆಗೆ ಬರುತ್ತದೆ, ಇನ್ನೊಂದು ಬದಿಯಲ್ಲಿ ಹೈಡ್ರೋಜನ್ ಏಳುತ್ತದೆ. ಉಪ್ಪು ನೀರಿಗೇ ನೇರವಾಗಿ ಕಡ್ಡಿ ಅದ್ದಿದ್ದರೆ ಕ್ಲೋರಿನ್ ಬಂದು ಮೂಗು ಸುಡುತ್ತಿತ್ತು. ಹೀಗೆ ಒಂದೇ ಸಾಧನದಲ್ಲಿ ಎರಡೂ ಅನಿಲ ಸಿಕ್ಕವು. ಆಮೇಲೆ ಎರಡನ್ನೂ ಬಿಸಿ ಮಾಡಿ ಕಬ್ಬಿಣದ ವೇಗವರ್ಧಕದ (ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕು ಮಾಡುವ ವಸ್ತು) ಮೇಲೆ ಹಾಯಿಸಿದರು, ಮುಂದೆ ನಿಕ್ಕಲ್ ವೇಗವರ್ಧಕದ ಮೇಲೆ. ಸಣ್ಣ ಇಂಗಾಲದ ಸರಪಳಿ ಜೋಡಿಸಿಕೊಂಡು ದ್ರವ ಇಂಧನ ಆಯಿತು. ಪೂರ್ತಿ ಆಗಲಿಲ್ಲ ಮತ್ತೆ. ಕಬ್ಬಿಣದ ಹಂತದಲ್ಲಿ ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇ. 60ರವರೆಗೆ ಮಾತ್ರ ಬದಲಾಯಿತು. ಅದರಲ್ಲೂ ನಾಲ್ಕರಲ್ಲಿ ಒಂದು ಪಾಲು ಬೇಡದ ಮೀಥೇನ್ ಆಯಿತು.

ಈಗ ಲೆಕ್ಕ. ಒಂದು ಲೀಟರ್ ಡೀಸೆಲ್ ತೂಕ ಸುಮಾರು 830 ಗ್ರಾಂ. ಅದರಲ್ಲಿ ಇಂಗಾಲ 710 ಗ್ರಾಂ. ಅಷ್ಟು ಇಂಗಾಲ ಸಿಗಲು 2.6 ಕಿಲೊ ಇಂಗಾಲದ ಡೈಆಕ್ಸೈಡ್ ಬೇಕು. ಲೀಟರ್ ನೀರಿಗೆ 100 ಮಿಲಿಗ್ರಾಂ ಅಂದರೆ 26 ಸಾವಿರ ಲೀಟರ್ ಸಮುದ್ರದ ನೀರು ಬೇಕು. ಒಂದೇ ಒಂದು ಲೀಟರ್ ಡೀಸೆಲ್‌ಗೆ!

ನಮ್ಮ ಓಣಿಗೆ ಬೇಸಿಗೆಯಲ್ಲಿ ಬರುವ 5 ಸಾವಿರ ಲೀಟರ್ ಟ್ಯಾಂಕರ್ ಇದೆಯಲ್ಲ, ಅಂಥ ಐದು ಟ್ಯಾಂಕರ್ ತುಂಬಿ ಮೇಲೊಂದಿಷ್ಟು. ರತ್ನಾಗಿರಿ ಕಡೆಯಿಂದ ಅಂದರೂ ರಸ್ತೆಯಲ್ಲಿ 400 ಕಿ.ಮೀ. ಮೇಲೆ ಆಗುತ್ತದೆ. ಆ ಟ್ಯಾಂಕರ್‌ಗೆ ಹಾಕುವ ಡೀಸೆಲ್ ಯಾರು ಕೊಡುತ್ತಾರೆ, ಅದನ್ನು ಕೇಳಿ.

ಗ್ಯಾರೇಜ್ ರಿಂಗ್ ರೋಡ್:
ಹಹ್ಹಾ. ಟ್ಯಾಂಕರ್ ಶಹಾಪುರ ದಾಟುವಷ್ಟರಲ್ಲೇ ಲಾಭ ಮುಗಿಯಿತು.

ಪಂಪ್‌ಸೆಟ್ ರಿಪೇರಿ, ಯಾದಗಿರಿ:
ಶಹಾಪುರದ ದಾರಿಯಲ್ಲಿ ರತ್ನಾಗಿರಿ ಯಾಕೆ ಬರುತ್ತದೆ ಅಣ್ಣಾ? ಸೊಲ್ಲಾಪುರ ಮೇಲೆ ಬರಬೇಕು. ಇರಲಿ. ಮಾಸ್ತರೇ, ಕರೆಂಟ್ ಲೆಕ್ಕ ಹೇಳಲಿಲ್ಲ.

ರಸಾಯನ ಮಾಸ್ತರ, ಕಲಬುರಗಿ:
ಬಂದೆ. ಊಟಕ್ಕೆ ಕರೆದಿದ್ದರು.

ಒಂದು ಲೀಟರ್ ಡೀಸೆಲ್ ಆಗಲು ಸುಮಾರು 360 ಗ್ರಾಂ ಹೈಡ್ರೋಜನ್ ಬೇಕು. ವಿಚಿತ್ರ ಏನೆಂದರೆ ಅದರಲ್ಲಿ ಮೂರನೇ ಒಂದು ಭಾಗ ಮಾತ್ರ ಡೀಸೆಲ್ ಒಳಗೆ ಉಳಿಯುತ್ತದೆ. ಮಿಕ್ಕಿದ್ದು ಇಂಗಾಲದ ಡೈಆಕ್ಸೈಡ್‌ನಲ್ಲಿರುವ ಆಮ್ಲಜನಕವನ್ನು ಕಿತ್ತು ಮತ್ತೆ ನೀರಾಗಿ ಹೋಗುತ್ತದೆ. ಒಂದು ಕಿಲೊ ಹೈಡ್ರೋಜನ್ ಬೇರ್ಪಡಿಸಲು ಇವತ್ತಿನ ಯಂತ್ರಗಳಿಗೆ 50ರಿಂದ 55 ಯೂನಿಟ್ ಕರೆಂಟ್ ಬೇಕು. ಹಾಗಾಗಿ 360 ಗ್ರಾಂಗೆ 18-20 ಯೂನಿಟ್. ಒಂದು ಹನಿಯೂ ಪೋಲಾಗದಿದ್ದರೆ ಇಷ್ಟು. ಪೋಲಾಗುವುದು, ಇಂಗಾಲ ಹಿಡಿಯುವುದು, ಒತ್ತಡ ಕೊಡುವುದು, ನೀರು ಎತ್ತುವುದು ಎಲ್ಲ ಸೇರಿಸಿ 25 ಯೂನಿಟ್ ಎಂದು ಇಟ್ಟುಕೊಳ್ಳೋಣ. ಇನ್ನೂ ಜಾಸ್ತಿ ಆದೀತೇ ಹೊರತು ಬಹಳ ಕಡಿಮೆ ಆಗುವುದಿಲ್ಲ.

ಆ ಒಂದು ಲೀಟರ್ ಡೀಸೆಲ್ ಒಳಗೆ ಇರುವ ಶಕ್ತಿ ಎಷ್ಟು ಗೊತ್ತಾ? ಸುಮಾರು 10 ಯೂನಿಟ್. ಅಂದರೆ 25 ಹಾಕಿ 10 ತೆಗೆದಂತೆ. ಅದನ್ನು ನಿಮ್ಮ ಟ್ರ್ಯಾಕ್ಟರ್ ಎಂಜಿನ್‌ಗೆ ಹಾಕಿದರೆ ಕೆಲಸಕ್ಕೆ ಸಿಗುವುದು 3 ಯೂನಿಟ್. ಉಳಿದದ್ದು ರೇಡಿಯೇಟರ್ ಮತ್ತು ಸೈಲೆನ್ಸರ್ ಪಾಲು.

ಪಂಪ್‌ಸೆಟ್ ರಿಪೇರಿ, ಯಾದಗಿರಿ:
ಅಯ್ಯೋ. ನನ್ನ ಭಾಷೆಯಲ್ಲಿ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. 5 ಎಚ್‌ಪಿ ಕರೆಂಟ್ ಪಂಪು ಗಂಟೆಗೆ ಹತ್ತಿರ ಹತ್ತಿರ 5 ಯೂನಿಟ್ ಎಳೆಯುತ್ತದೆ. ರೈತರಿಗೆ ತ್ರೀ ಫೇಸ್ ಕೊಡುವುದು ಏಳು ಗಂಟೆ. ಏಳು ಗಂಟೆಗೆ 33-35 ಯೂನಿಟ್. ಅಷ್ಟೂ ಕರೆಂಟ್ ಕೊಟ್ಟು ಡೀಸೆಲ್ ಮಾಡಿದರೆ ಬರುವುದು ಒಂದೂ ಕಾಲು ಲೀಟರ್ ಚಿಲ್ಲರೆ. ಅದನ್ನು 5 ಎಚ್‌ಪಿ ಡೀಸೆಲ್ ಪಂಪಿಗೆ ಹಾಕಿದರೆ ಒಂದು ಗಂಟೆ ಮೇಲೆ ಸ್ವಲ್ಪ ಹೊತ್ತು ಓಡುತ್ತದೆ. ಏಳು ಗಂಟೆ ನೀರು ಬಿಟ್ಟುಕೊಟ್ಟು ಒಂದು ಗಂಟೆ ನೀರು ತಗೊಂಡಂತೆ ಆಯಿತು, ಹೌದಲ್ಲ?

ರಸಾಯನ ಮಾಸ್ತರ, ಕಲಬುರಗಿ:
ಲೆಕ್ಕ ಸರಿಯಾಗಿದೆ. ನಾನು ಮೂವತ್ತು ವರ್ಷ ಪಾಠ ಮಾಡಿದರೂ ಇಷ್ಟು ಸುಲಭವಾಗಿ ಹೇಳುತ್ತಿರಲಿಲ್ಲ.

ಬೀದರ್ ಅಕ್ಕ:
ನನ್ನದೂ ಒಂದು ಲೆಕ್ಕ ಸೇರಿಸಿಕೊಳ್ಳಿ. ನಾನು ಎಲೆಕ್ಟ್ರಿಕ್ ಸ್ಕೂಟರ್ ಓಡಿಸುತ್ತೇನೆ. 100 ಕಿ.ಮೀ.ಗೆ 3 ಯೂನಿಟ್ ಚಾರ್ಜ್ ಹಿಡಿಯುತ್ತದೆ. 25 ಯೂನಿಟ್‌ಗೆ 800 ಕಿ.ಮೀ. ಬೀದರಿನಿಂದ ಬೆಂಗಳೂರು ಮುಟ್ಟಿ ಇನ್ನೂ ಚಾರ್ಜ್ ಉಳಿಯುತ್ತದೆ. ಅದೇ 25 ಯೂನಿಟ್‌ನಿಂದ ಒಂದು ಲೀಟರ್ ಪೆಟ್ರೋಲ್ ಮಾಡಿ ನಮ್ಮನೆಯವರ ಹಳೇ ಗಾಡಿಗೆ ಹಾಕಿದರೆ ಹುಮನಾಬಾದ್‌ವರೆಗೆ ಹೋದರೆ ಪುಣ್ಯ.

ಗೃಹಜ್ಯೋತಿಯ 200 ಯೂನಿಟ್ ಪೂರ್ತಿ ಇದಕ್ಕೇ ಸುರಿದರೂ ತಿಂಗಳಿಗೆ 8 ಲೀಟರ್. ಚಿತ್ತಾಪುರದ ಅಣ್ಣನ ಟ್ರ್ಯಾಕ್ಟರ್‌ಗೆ ಮಧ್ಯಾಹ್ನದ ಊಟದವರೆಗೂ ಸಾಲದು.

ನಂಬಿ ನೋಡಿ:
ಎಲ್ಲರೂ ಸೇರಿ ಕಾಲೆಳೆಯುತ್ತಿದ್ದೀರಿ. ಅಷ್ಟು ನಷ್ಟ ಇದ್ದರೆ ಅಮೆರಿಕದವರಿಗೆ ಬುದ್ಧಿ ಇಲ್ಲವಾ? ಗ್ಯಾಲನ್‌ಗೆ (ಸುಮಾರು 3.8 ಲೀಟರ್) 3ರಿಂದ 6 ಡಾಲರ್ ಆಗುತ್ತದೆ ಅಂತ ಅವರೇ ಹೇಳಿದ್ದಾರೆ. ನಾನು ಓದಿದ್ದೇನೆ. ಅಂದಿನ ಡಾಲರ್ 60 ರೂಪಾಯಿ ಎಂದರೂ ಲೀಟರಿಗೆ 48ರಿಂದ 95 ರೂಪಾಯಿ. ಇವತ್ತಿನ ಡೀಸೆಲ್ ದರವೇ ತೊಂಬತ್ತರ ಆಸುಪಾಸು ಇದೆ. ಹಾಗಾದರೆ ಲಾಭವೇ ಅಲ್ವಾ?

ರಸಾಯನ ಮಾಸ್ತರ, ಕಲಬುರಗಿ:
ಒಳ್ಳೆಯ ಪ್ರಶ್ನೆ. ಕಾಲೆಳೆಯುತ್ತಿಲ್ಲ. ನೀವು ಹೇಳಿದ ಅಂಕಿ ಅವರದ್ದೇ. ಆದರೆ ಅದು ಅಂದಾಜು. ಹಾಗೆ ಮಾರಿದ ಬಂಕ್ ಎಲ್ಲೂ ಇಲ್ಲ.

ಅವರಿಗೆ ಬುದ್ಧಿ ಇದೆ. ಅವರ ಕಷ್ಟ ಬೇರೆ. ಅಮೆರಿಕದ ದೊಡ್ಡ ವಿಮಾನವಾಹಕ ಹಡಗುಗಳು ಪರಮಾಣು ಶಕ್ತಿಯಿಂದ ಓಡುತ್ತವೆ. ಹಡಗಿಗೆ ವರ್ಷಗಟ್ಟಲೆ ಇಂಧನ ಬೇಡ. ಆದರೆ ಅದರ ಮೇಲಿರುವ ವಿಮಾನಗಳಿಗೆ ಜೆಟ್ ಇಂಧನ ಬೇಕೇ ಬೇಕು. ಜೊತೆಗಿನ ಸಣ್ಣ ಯುದ್ಧನೌಕೆಗಳಿಗೂ ಬೇಕು. ಅದನ್ನು ತೈಲ ಹಡಗುಗಳು ನಡು ಸಮುದ್ರಕ್ಕೆ ಒಯ್ದು ಕೊಡಬೇಕು. 2011ರ ಹಣಕಾಸು ವರ್ಷದಲ್ಲಿ ಹೀಗೆ ಕೊಟ್ಟದ್ದು ಸುಮಾರು 60 ಕೋಟಿ ಗ್ಯಾಲನ್. ಶತ್ರು ಮೊದಲು ಹೊಡೆಯುವುದು ಇಂಥ ತೈಲ ಹಡಗಿಗೇ. ಅಂಥ ಕಡೆ 25 ಯೂನಿಟ್ ಹೋದರೂ ಚಿಂತೆ ಇಲ್ಲ, ಇಂಧನ ಇದ್ದಲ್ಲೇ ಆಗಬೇಕು. ಮದುವೆ ಮನೆಯಲ್ಲಿ ಕರೆಂಟ್ ಹೋದರೆ ಜನರೇಟರ್ ಕರೆಂಟಿನ ದರ ಯಾರಾದರೂ ಕೇಳುತ್ತಾರಾ? ಹಾಗೆ.

ನಮ್ಮ ಕಡೆ ಆ ಪರಿಸ್ಥಿತಿ ಇಲ್ಲ. ಬಂಕ್ ಪಕ್ಕದಲ್ಲೇ ಇದೆ.

ನಂಬಿ ನೋಡಿ:
ಸರಿ, ಒಪ್ಪಿದೆ. ಆದರೆ ಸೋಲಾರ್ ಇದೆಯಲ್ಲ? ನಮ್ಮ ಕಡೆ ಬಿಸಿಲಿಗೆ ಬರವಿಲ್ಲ. ಮೇ ತಿಂಗಳಲ್ಲಿ 43 ಡಿಗ್ರಿ. ಸೋಲಾರ್ ಕರೆಂಟ್ ಯೂನಿಟ್‌ಗೆ ಎರಡೂವರೆ ರೂಪಾಯಿಗೆ ಹರಾಜಾಗುತ್ತದೆ ಅಂತ ಪೇಪರ್‌ನಲ್ಲಿ ಬರುತ್ತದೆ. 25 ಯೂನಿಟ್‌ಗೆ 62 ರೂಪಾಯಿ. ಆಗ?

ಕಿಲ್ನ್ ಶಿಫ್ಟ್, ಸೇಡಂ:
ಮಧ್ಯೆ ಬಾಯಿ ಹಾಕುತ್ತೇನೆ. 62 ರೂಪಾಯಿ ಬರೀ ಕರೆಂಟಿಗೆ. ಯಂತ್ರದ ಸಾಲದ ಕಂತು? ಸೋಲಾರ್ ಹಗಲು ಐದಾರು ಗಂಟೆ ಮಾತ್ರ ಗಟ್ಟಿ ಕೊಡುತ್ತದೆ. ಕೋಟಿಗಟ್ಟಲೆ ಬೆಲೆಯ ಯಂತ್ರ ದಿನದ ಮುಕ್ಕಾಲು ಪಾಲು ಸುಮ್ನೆ ನಿಲ್ಲಬೇಕು. ನಾನು ಸಿಮೆಂಟ್ ಕಾರ್ಖಾನೆಯಲ್ಲಿ ಕಿಲ್ನ್, ಅಂದರೆ ಸುಣ್ಣದಕಲ್ಲು ಸುಡುವ ದೊಡ್ಡ ಕುಲುಮೆ, ನೋಡಿಕೊಳ್ಳುವವನು. ಬಿಸಿ ಇರುವ ಯಂತ್ರವನ್ನು ದಿನಾ ಆರಿಸಿ ದಿನಾ ಹಚ್ಚುವುದು ಅಂದರೆ ಏನು ಕಷ್ಟ ಅಂತ ನನ್ನನ್ನು ಕೇಳಿ. ಒಳಗಿನ ಇಟ್ಟಿಗೆಯೇ ಬಿರುಕು ಬಿಡುತ್ತದೆ.

ರಾತ್ರಿ ಗ್ರಿಡ್ ಕರೆಂಟ್ ತಗೊಂಡು ಓಡಿಸುತ್ತೇನೆ ಅಂದರೆ ಮಾಸ್ತರು ಹೇಳಿದ ಬೂದಿ ಕಥೆ ಇನ್ನೂ ಕೆಡುತ್ತದೆ. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸರಾಸರಿ 700 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊಗೆ. ಯಾಕೆಂದರೆ ಹೆಚ್ಚು ಪಾಲು ಕಲ್ಲಿದ್ದಲು. ಪಕ್ಕದ ರಾಯಚೂರಿನ ಶಕ್ತಿನಗರದಲ್ಲೇ 1,720 ಮೆಗಾವಾಟ್ ಇದೆ. 25 ಯೂನಿಟ್‌ಗೆ ಹದಿನೇಳೂವರೆ ಕಿಲೊ ಹೊಗೆ. 2.6 ಕಿಲೊ ಹೊಗೆ ಉಳಿಸಲು ಹೋಗಿ 17 ಕಿಲೊ ಬಿಟ್ಟಂತೆ.

ಈಗ ನನ್ನ ಪ್ರಶ್ನೆ. ಮಾಸ್ತರೇ, ಇಂಗಾಲದ ಡೈಆಕ್ಸೈಡ್ ಬೇಕು ಅಂದರೆ ಸಮುದ್ರಕ್ಕೆ ಯಾಕೆ ಹೋಗಬೇಕು? ಸೇಡಂ, ಮಳಖೇಡ, ವಾಡಿ, ಚಿತ್ತಾಪುರ ಸುತ್ತ ಸಿಮೆಂಟ್ ಚಿಮಣಿಗಳು ಸಾಲಾಗಿ ನಿಂತಿವೆ. ನಮ್ಮ ಕಿಲ್ನ್ ಹೊಗೆಯಲ್ಲಿ ಐದರಲ್ಲಿ ಒಂದು ಪಾಲು ಅದೇ ಅನಿಲ.

ರಸಾಯನ ಮಾಸ್ತರ, ಕಲಬುರಗಿ:
ಇದಕ್ಕಾಗಿಯೇ ಕಾಯುತ್ತಿದ್ದೆ. ಯಾರಾದರೂ ಕೇಳಲಿ ಅಂತ.

ಗಾಳಿಯಲ್ಲಿ ಅದು ಶೇ. 0.04. ಕಿಲ್ನ್ ಹೊಗೆಯಲ್ಲಿ ಶೇ. 20ರ ಸುಮಾರು. ಒಂದು ಘನ ಮೀಟರ್ ಸಮುದ್ರದ ನೀರಿನಲ್ಲಿ 100 ಗ್ರಾಂ ಇದ್ದರೆ, ಒಂದು ಘನ ಮೀಟರ್ ಕಿಲ್ನ್ ಹೊಗೆಯಲ್ಲಿ, ತಣಿಸಿ ಅಳೆದರೆ, 400 ಗ್ರಾಂ ಹತ್ತಿರ ಇರುತ್ತದೆ. ಅದೂ ನೀರಿನಂತೆ ಟನ್‌ಗಟ್ಟಲೆ ಭಾರ ಎತ್ತುವ ಕೆಲಸವಿಲ್ಲದೆ. ಮತ್ತೆ ಇದು ಇದ್ದಲು ಸುಟ್ಟಿದ್ದಕ್ಕೆ ಮಾತ್ರ ಬರುವ ಹೊಗೆಯಲ್ಲ, ಸುಣ್ಣದಕಲ್ಲಿನಿಂದಲೂ ಬರುತ್ತದೆ. ನಮ್ಮ ಶಹಾಬಾದ್ ಕಲ್ಲು ಇದೆಯಲ್ಲ, ಮನೆ ನೆಲಕ್ಕೆ ಹಾಸುವುದು, ಅದೂ ಸುಣ್ಣದಕಲ್ಲೇ. ಶುದ್ಧ ಸುಣ್ಣದಕಲ್ಲನ್ನು ಒಂದು ಟನ್ ಸುಟ್ಟರೆ 440 ಕಿಲೊ ಹಾರಿ ಹೋಗುತ್ತದೆ. ಸುಮಾರು 170 ಲೀಟರ್ ಡೀಸೆಲ್‌ಗೆ ಬೇಕಾದ ಇಂಗಾಲ ಅದು. ನಾವು ಓಡಾಡುವ ನೆಲದ ಕೆಳಗೇ ಸಮುದ್ರ ಇದೆ ಅನ್ನಿ. ಆ ಕಲ್ಲು ಹುಟ್ಟಿದ್ದೇ ಹಳೇ ಕಾಲದ ಸಮುದ್ರದ ತಳದಲ್ಲಿ.

ಅಫಜಲಪುರ ಕಬ್ಬು:
ನಮ್ಮದನ್ನೂ ಹೇಳಿ ಮಾಸ್ತರೇ. ಸಕ್ಕರೆ ಕಾರ್ಖಾನೆಯ ಎಥನಾಲ್ ಟ್ಯಾಂಕಿನಲ್ಲಿ ಹುಳಿ ಬಂದಾಗ ಬುಳುಬುಳು ಏಳುವ ಗ್ಯಾಸ್ ಅದೇ ಅಲ್ವಾ?

ರಸಾಯನ ಮಾಸ್ತರ, ಕಲಬುರಗಿ:
ಅದೇ. ಅದು ಎಲ್ಲಕ್ಕಿಂತ ಶುದ್ಧ. ಒಂದು ಲೀಟರ್ ಎಥನಾಲ್ ಆಗುವಾಗ ಮುಕ್ಕಾಲು ಕಿಲೊ ಬರುತ್ತದೆ. ಹಿಡಿಯಲು ಖರ್ಚೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಇಂಥ ಕಾರ್ಖಾನೆ ನಮ್ಮ ಭಾಗದಲ್ಲಿ ಬರಬೇಕು ಅಂದರೆ ಅದರ ಜಾಗ ಎಥನಾಲ್ ಮಾಡುವ ಡಿಸ್ಟಿಲರಿ ಪಕ್ಕ. ಕೇಂದ್ರ ಸರ್ಕಾರದ ವಿದ್ಯುತ್ ಕಂಪನಿ ಎನ್‌ಟಿಪಿಸಿಯವರು ಮಧ್ಯಪ್ರದೇಶದ ವಿಂಧ್ಯಾಚಲ ಸ್ಥಾವರದ ಹೊಗೆಯಿಂದ ದಿನಕ್ಕೆ 20 ಟನ್ ಇಂಗಾಲದ ಡೈಆಕ್ಸೈಡ್ ಹಿಡಿಯುವ ಘಟಕವನ್ನು 2022ರಲ್ಲೇ ಶುರು ಮಾಡಿದ್ದಾರೆ. ಅದರಿಂದ ಮೆಥನಾಲ್ ಮಾಡುವುದು ಗುರಿ. ಅಲ್ಲಿ ಸಮುದ್ರ ಎಲ್ಲಿದೆ?

ಆದರೆ ಒಂದು ಮಾತು ಮರೆಯಬೇಡಿ. ಇಂಗಾಲ ಪುಕ್ಕಟೆ ಸಿಕ್ಕರೂ 25ರಲ್ಲಿ 18-20 ಯೂನಿಟ್ ಹಾಗೇ ಉಳಿಯುತ್ತದೆ. ಅದು ಹೈಡ್ರೋಜನ್ ಖರ್ಚು. ಸಮುದ್ರ, ಚಿಮಣಿ, ಡಿಸ್ಟಿಲರಿ ಯಾವುದಾದರೂ ಇರಲಿ, ನೀರನ್ನು ಒಡೆಯುವ ಕೆಲಸ ತಪ್ಪುವುದಿಲ್ಲ. ಜನ ನೀರಿನ ಹೆಸರು ಹೇಳಿ ಕಣ್ಣು ಕಟ್ಟುತ್ತಾರೆ. ನೋಡಬೇಕಾದದ್ದು ಮೀಟರ್.

ಪಂಪ್‌ಸೆಟ್ ರಿಪೇರಿ, ಯಾದಗಿರಿ:
ಆ ಮನುಷ್ಯ ಬೋರ್ ನೀರಲ್ಲೂ ಆಗುತ್ತದೆ ಅಂದನಲ್ಲ. ಅದಕ್ಕೇನು ಹೇಳುತ್ತೀರಿ? ನಮ್ಮ ಕಡೆ ಬೋರ್ ನೀರು ಎಷ್ಟು ಗಡಸು ಅಂದರೆ ವಾಟರ್ ಹೀಟರ್ ಕಾಯಿಲ್ ಮೇಲೆ ಆರು ತಿಂಗಳಿಗೆ ಬಿಳಿ ಪೊರೆ ಕಟ್ಟಿ ಸುಟ್ಟುಹೋಗುತ್ತದೆ.

ರಸಾಯನ ಮಾಸ್ತರ, ಕಲಬುರಗಿ:
ನಗಬೇಡಿ, ಅದರಲ್ಲಿ ಚೂರು ಸತ್ಯ ಇದೆ. ಆ ಬಿಳಿ ಪೊರೆ ಕಾರ್ಬೊನೇಟ್. ಗಡಸು ಬೋರ್ ನೀರಿನಲ್ಲಿ ಲೀಟರಿಗೆ 400 ಮಿಲಿಗ್ರಾಂ ಬೈಕಾರ್ಬೊನೇಟ್ ಇರುವುದು ಅಪರೂಪವಲ್ಲ. ಸಮುದ್ರದ ನೀರಿಗಿಂತ ಜಾಸ್ತಿ. 26 ಸಾವಿರ ಲೀಟರ್ ಬದಲು 9 ಸಾವಿರ ಲೀಟರ್ ಸಾಕಾದೀತು.

ಈಗ ನೀವೇ ಹೇಳಿ. 9 ಸಾವಿರ ಲೀಟರ್ ನೀರನ್ನು 100 ಮೀಟರ್ ಆಳದಿಂದ ಎತ್ತಲು ಎಷ್ಟು ಯೂನಿಟ್?

ಪಂಪ್‌ಸೆಟ್ ರಿಪೇರಿ, ಯಾದಗಿರಿ:
ನಮ್ಮ ಕಡೆಯ ಸಬ್‌ಮರ್ಸಿಬಲ್ ಪಂಪುಗಳು ಶೇ. 40 ಕೆಲಸ ಕೊಟ್ಟರೆ ದೊಡ್ಡದು. ಹಾಗೆ ಹಿಡಿದರೆ 6 ಯೂನಿಟ್. ಬರೀ ಎತ್ತುವುದಕ್ಕೆ. ಒಂದು ಲೀಟರ್ ಡೀಸೆಲ್‌ನಲ್ಲಿರುವ 10 ಯೂನಿಟ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಹೋಯಿತು. ಮತ್ತೆ ಒಂದು ಲೀಟರ್ ಡೀಸೆಲ್‌ಗೆ ಎರಡು ಟ್ಯಾಂಕರ್ ಅಂತರ್ಜಲ! ಊರವರು ಬಡಿಗೆ ತಗೊಂಡು ಬರುತ್ತಾರೆ.

ಬೀದರ್ ಅಕ್ಕ:
ಇದಕ್ಕೇ ನಮ್ಮ ಬೀದರಿನ ಕರೇಜ್ ನೋಡಲು ಬನ್ನಿ ಅನ್ನುವುದು. ಬಹಮನಿ ಕಾಲದ ಸುರಂಗ ಬಾವಿ. ಇಳಿಜಾರಿನ ಮೇಲೇ ನೀರು ತಾನಾಗಿ ಹರಿದು ಬರುತ್ತಿತ್ತು. ಒಂದು ಯೂನಿಟ್ ಇಲ್ಲ, ಒಂದು ಹನಿ ಡೀಸೆಲ್ ಇಲ್ಲ. ವಿಷಯಕ್ಕೆ ಸಂಬಂಧ ಇಲ್ಲ ಅಂತ ಗೊತ್ತು, ಆದರೂ ಹೇಳದೆ ಇರಲಾಗಲಿಲ್ಲ.

ಗ್ಯಾರೇಜ್ ರಿಂಗ್ ರೋಡ್:
ನನ್ನ ಅನುಭವ ಒಂದು. ಹೋದ ವರ್ಷ ಒಬ್ಬರು ಗಾಡಿ ಬಾನೆಟ್ ಒಳಗೆ ನೀರಿನ ಬಾಟಲಿ ಕೂರಿಸಿಕೊಂಡು ಬಂದರು. ಎಚ್‌ಎಚ್‌ಒ ಕಿಟ್ ಅಂತೆ. ಬ್ಯಾಟರಿಯಿಂದ ನೀರು ಒಡೆದು ಗ್ಯಾಸ್ ಎಂಜಿನ್‌ಗೆ ಬಿಡುವುದು. ಮೈಲೇಜ್ ಡಬಲ್ ಅಂತ 12 ಸಾವಿರಕ್ಕೆ ಯಾರೋ ಮಾರಿದ್ದರು. ಮೈಲೇಜ್ ಕಡಿಮೆ ಆಗಿತ್ತು. ಆಗಲೇಬೇಕು. ಬ್ಯಾಟರಿಗೆ ಕರೆಂಟ್ ಬರುವುದು ಆಲ್ಟರ್ನೇಟರ್‌ನಿಂದ. ಆಲ್ಟರ್ನೇಟರ್ ತಿರುಗುವುದು ಅದೇ ಎಂಜಿನ್‌ನಿಂದ. ನಾನು ಬಾಟಲಿ ಬಿಚ್ಚಿ ಕೊಟ್ಟೆ. ಅವರು ನನ್ನ ಮೇಲೇ ಸಿಟ್ಟಾದರು. ಪೆಟ್ರೋಲ್ ಕಂಪನಿಯವರ ಕಡೆಯವನು ಅಂದರು.

ಅಫಜಲಪುರ ಕಬ್ಬು:
ಮಾಸ್ತರೇ, ಒಂದು ವಾದ. ಬ್ಯಾಟರಿ ಗಾಡಿ ಮುಂದೆ ಇದು ಸೋಲುತ್ತದೆ, ಒಪ್ಪಿದೆ. ನಮ್ಮ ಎಥನಾಲ್ ಮುಂದೆ? ಅದೂ ಬಿಸಿಲಿನಿಂದ ಆದ ಇಂಧನವೇ. ನಮ್ಮ ಕಬ್ಬಿಗೆ 25 ಯೂನಿಟ್ ಕರೆಂಟ್ ಬೇಡ.

ರಸಾಯನ ಮಾಸ್ತರ, ಕಲಬುರಗಿ:
ಇಲ್ಲಿ ನಿಮಗೆ ಬೇಜಾರಾಗುವ ಮಾತು ಹೇಳಬೇಕಾಗಿದೆ. ನಾನೂ ಲೆಕ್ಕ ಹಾಕಿದಾಗ ಎರಡು ಸಲ ತಿರುಗಿ ನೋಡಿದೆ.

ಎಕರೆಗೆ 40 ಟನ್ ಕಬ್ಬು ಎಂದು ಹಿಡಿಯಿರಿ. ರಸ ಪೂರ್ತಿ ಎಥನಾಲ್‌ಗೆ ಹಾಕಿದರೆ ಟನ್‌ಗೆ 70 ಲೀಟರ್. ಎಕರೆಗೆ ವರ್ಷಕ್ಕೆ 2,800 ಲೀಟರ್. ಎಥನಾಲ್‌ನಲ್ಲಿ ಡೀಸೆಲ್‌ನಷ್ಟು ಕಸುವಿಲ್ಲ. ಡೀಸೆಲ್ ಲೆಕ್ಕಕ್ಕೆ ತಂದರೆ 1,600 ಲೀಟರ್ ಸುಮಾರು.

ಈಗ ಅದೇ ಜಾಗಕ್ಕೆ ಸೋಲಾರ್. ಒಂದು ಮೆಗಾವಾಟ್‌ಗೆ ಐದು ಎಕರೆ. ನಮ್ಮ ಬಿಸಿಲಿಗೆ ದಿನಕ್ಕೆ ಸುಮಾರು 4,200 ಯೂನಿಟ್. ಎಕರೆಗೆ 840. ಲೀಟರಿಗೆ 25 ಯೂನಿಟ್ ಅಂದರೆ ದಿನಕ್ಕೆ 33 ಲೀಟರ್. ವರ್ಷಕ್ಕೆ 12 ಸಾವಿರ ಲೀಟರ್! ಕಬ್ಬಿಗಿಂತ ಏಳು ಪಟ್ಟು. ನೀರೂ ಹೆಚ್ಚು ಬೇಡ. ಕಬ್ಬು ಕುಡಿಯುವ ನೀರಿನ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಗಿಡಕ್ಕಿಂತ ಪ್ಯಾನೆಲ್ ಬಿಸಿಲನ್ನು ಚೆನ್ನಾಗಿ ಹಿಡಿಯುತ್ತದೆ, ಅದಕ್ಕೆ ಹೀಗೆ.

ಅಂದರೆ ಈ ಕೃತಕ ಇಂಧನ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಕರೆಂಟನ್ನೇ ನೇರ ಬಳಸಲು ಆಗುವ ಕಡೆ ಇದು ದಂಡ, ಅಷ್ಟೇ. ಅದೇ 840 ಯೂನಿಟ್ ಎಲೆಕ್ಟ್ರಿಕ್ ಕಾರಿಗೆ ಹಾಕಿದರೆ 5 ಸಾವಿರ ಕಿ.ಮೀ. ಓಡುತ್ತದೆ. 33 ಲೀಟರ್ ಮಾಡಿ ಹಾಕಿದರೆ 600.

ಅಫಜಲಪುರ ಕಬ್ಬು:
ಲೆಕ್ಕ ಸರಿ ಇರಬಹುದು. ಆದರೆ ಒಂದು ಮೆಗಾವಾಟ್ ಸೋಲಾರ್‌ಗೆ ನಾಲ್ಕು ಕೋಟಿ ಅನ್ನುತ್ತಾರೆ. ಎಕರೆಗೆ 80 ಲಕ್ಷ. ಮೇಲೆ ನಿಮ್ಮ ನೀರು ಒಡೆಯುವ ಯಂತ್ರ. ನಾನು ಕಬ್ಬಿನ ತುಂಡು ನೆಟ್ಟು, ಗೊಬ್ಬರ ಹಾಕಿ, ಸೊಸೈಟಿ ಸಾಲದಲ್ಲಿ ಮುಗಿಸುತ್ತೇನೆ. ಬಿಲ್ಲು ತಡವಾಗಿ ಬಂದರೂ ಬರುತ್ತದೆ. ನಮ್ಮ ಹೊಲಕ್ಕೆ ಪ್ಯಾನೆಲ್ ಬಂದರೆ ಅದು ಬೇರೆಯವರದ್ದು, ನಾವು ಗೇಟ್ ಕಾಯಬೇಕು.

ರಸಾಯನ ಮಾಸ್ತರ, ಕಲಬುರಗಿ:
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನೀವು ಹೇಳಿದ್ದು ನಿಜ.

ಕಿಲ್ನ್ ಶಿಫ್ಟ್, ಸೇಡಂ:
ಹಾಗಾದರೆ ಇದು ಯಾರಿಗೆ ಬೇಕು ಮಾಸ್ತರೇ? ವಿಮಾನಕ್ಕಾ?

ರಸಾಯನ ಮಾಸ್ತರ, ಕಲಬುರಗಿ:
ಹೌದು, ಮುಖ್ಯವಾಗಿ ವಿಮಾನ, ಆಮೇಲೆ ದೂರ ಹೋಗುವ ಹಡಗು. ಒಂದು ಕಿಲೊ ಜೆಟ್ ಇಂಧನದಲ್ಲಿ 12 ಯೂನಿಟ್ ಶಕ್ತಿ ಇದೆ. ಒಂದು ಕಿಲೊ ಬ್ಯಾಟರಿಯಲ್ಲಿ ಕಾಲು ಯೂನಿಟ್ ಕೂಡ ಹಿಡಿಯುವುದು ಕಷ್ಟ. ಬೀದರ್ ಅಕ್ಕನ ಮನೆ ಮೇಲೆ ಹಾರುವ ವಾಯುಪಡೆಯ ತರಬೇತಿ ವಿಮಾನಕ್ಕೆ ಅದರ ಇಂಧನದಷ್ಟೇ ಶಕ್ತಿಯ ಬ್ಯಾಟರಿ ಕಟ್ಟಿದರೆ ಅದು ರನ್‌ವೇ ಬಿಟ್ಟು ಮೇಲೇಳುವುದಿಲ್ಲ. ಅದಕ್ಕೇ ಯುರೋಪಿನಲ್ಲಿ 2025ರಿಂದ ವಿಮಾನ ಇಂಧನದಲ್ಲಿ ಶೇ. 2 ಹಸಿರು ಇಂಧನ ಕಡ್ಡಾಯ ಮಾಡಿದ್ದಾರೆ. ನಮ್ಮ ದೇಶದಲ್ಲೂ ಅಂತರರಾಷ್ಟ್ರೀಯ ವಿಮಾನಗಳಿಗೆ 2027ಕ್ಕೆ ಶೇ. 1 ಎಂಬ ಗುರಿ ಇದೆ.

ಈ ವಿದ್ಯೆಯ ಅರ್ಧ ಹಳೆಯದು ಬೇರೆ. ಅನಿಲ ಜೋಡಿಸಿ ಎಣ್ಣೆ ಮಾಡುವುದನ್ನು ಜರ್ಮನಿಯ ಫಿಶರ್ ಮತ್ತು ಟ್ರಾಪ್ಶ್ 1920ರ ದಶಕದಲ್ಲೇ ತೋರಿಸಿದ್ದರು. ದಕ್ಷಿಣ ಆಫ್ರಿಕಾದ ಸಾಸೋಲ್ ಕಂಪನಿ 1955ರಿಂದ ಮಾಡುತ್ತಿದೆ. ಆದರೆ ಅವರೆಲ್ಲ ಕಲ್ಲಿದ್ದಲಿನಿಂದ ಮಾಡಿದರು. ಕಲ್ಲಿದ್ದಲು ಬೂದಿಯಲ್ಲ, ಕಟ್ಟಿಗೆ. ಶಕ್ತಿ ಅದರೊಳಗೇ ಇತ್ತು. ಬೂದಿಯಿಂದ ಶುರು ಮಾಡಿದ ಕಾರ್ಖಾನೆಗಳು ಈಗಲೂ ಪುಟ್ಟವು. ಚಿಲಿ ದೇಶದ ದಕ್ಷಿಣ ತುದಿಯ ಹಾರು ಓನಿ ಎಂಬಲ್ಲಿ ಗಾಳಿ ಕರೆಂಟಿನಿಂದ ಪೆಟ್ರೋಲ್ ಮಾಡುವ ಘಟಕ 2022ರ ಡಿಸೆಂಬರ್‌ನಲ್ಲಿ ಶುರುವಾಯಿತು. ಮೊದಲ ಹಂತದ ಗುರಿ ವರ್ಷಕ್ಕೆ 1,30,000 ಲೀಟರ್. ದಿನಕ್ಕೆ 360 ಲೀಟರ್ ಕೂಡ ಇಲ್ಲ. ಚಿತ್ತಾಪುರದ ಹದಿನೈದು-ಹದಿನೆಂಟು ಟ್ರ್ಯಾಕ್ಟರ್ ಒಂದೇ ದಿನ ರಂಟೆ ಹೊಡೆದರೆ ಮುಗಿಯಿತು.

ಚಿತ್ತಾಪುರ ತೊಗರಿ:
ಎಲ್ಲರಿಗೂ ದೊಡ್ಡ ನಮಸ್ಕಾರ. ನಾಳೆ ಭಾನುವಾರ ಆ ಮನುಷ್ಯನ ಇನ್ನೊಂದು ಸಭೆ ಇದೆ. ಭಾವಮೈದುನನ ಜೊತೆ ನಾನೂ ಹೋಗುತ್ತೇನೆ. ಏನು ಕೇಳಲಿ?

ಪಂಪ್‌ಸೆಟ್ ರಿಪೇರಿ, ಯಾದಗಿರಿ:
ಎರಡೇ ಮಾತು ಕೇಳಿ. ಮೀಟರ್ ಎಲ್ಲಿದೆ, ಹೋದ ತಿಂಗಳ ಬಿಲ್ ಎಷ್ಟು ಬಂದಿದೆ.

ಚಿತ್ತಾಪುರ ತೊಗರಿ:
ಹೋಗಿ ಬಂದೆವು. ಒಂದು ಬಾಟಲಿ ತೋರಿಸಿದ. ವಾಸನೆ ನೋಡಿದೆ, ಬಂಕಿನ ಡೀಸೆಲ್ಲೇ. ಟ್ರ್ಯಾಕ್ಟರ್ ಇಟ್ಟವನಿಗೆ ಗೊತ್ತಾಗದೆ ಇರುತ್ತದಾ?

ಕರೆಂಟ್ ಬಿಲ್ ಕೇಳಿದೆ. ನಮ್ಮದಕ್ಕೆ ಕರೆಂಟೇ ಬೇಡ, ಗುಟ್ಟಿನ ವೇಗವರ್ಧಕ ಇದೆ ಅಂದ. ನಾನು ಅಂದೆ, ಸ್ವಾಮಿ, ಬೂದಿ ಊದಿದರೆ ಕಟ್ಟಿಗೆ ಆಗುತ್ತದಾ? ಹಿಂದೆ ಕೂತಿದ್ದ ಇಬ್ಬರು ನಕ್ಕರು. ಆತ ನನ್ನನ್ನು ಬಿಟ್ಟು ಮುಂದಿನ ಸಾಲಿಗೆ ಹೋದ. ನಾವು ಏಳುವಾಗ ಇನ್ನೂ ಏಳೆಂಟು ಜನ ಕೂತೇ ಇದ್ದರು.

ಭಾವಮೈದುನ ದಾರಿಯುದ್ದ ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಬಾಯಿ ಬಿಟ್ಟ. ಹೋದ ವಾರವೇ 5 ಸಾವಿರ ಟೋಕನ್ ಕೊಟ್ಟಿದ್ದನಂತೆ. ಚೀಟಿ ಇದೆ. ಕಂಪನಿ ಹೆಸರಿಲ್ಲ, ಬರೀ ಒಂದು ಸಹಿ.

ಬೀದರ್ ಅಕ್ಕ:
ಅಣ್ಣಾ, ಫೋನ್‌ನಿಂದ ಹಾಕಿದ್ದರೆ ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ. ತಡ ಮಾಡಬೇಡಿ. ಆ ಏಳೆಂಟು ಜನರಲ್ಲಿ ಯಾರಾದರೂ ಪರಿಚಯದವರಿದ್ದರೆ ಅವರಿಗೂ ಹೇಳಿ.

ಚಿತ್ತಾಪುರ ತೊಗರಿ:
ಫೋನ್‌ನಿಂದ ಅಲ್ಲ ಅಕ್ಕಾ, ನಗದು. ತೊಗರಿ ಮಾರಿದ ದುಡ್ಡು. ನಾಳೆ ಬೆಳಿಗ್ಗೆ ಚೀಟಿ ತಗೊಂಡು ಠಾಣೆಗೆ ಹೋಗುತ್ತೇವೆ. ಜೊತೆಗೆ ಇನ್ನಿಬ್ಬರು ಬರುತ್ತೇವೆ ಅಂದಿದ್ದಾರೆ, ಹಿಂದೆ ಕೂತು ನಕ್ಕವರೇ. ಅವರೂ ಕೊಟ್ಟಿದ್ದರಂತೆ.